ಸರಾಸರಿಯ ಮರೆಯಲ್ಲಿ ಅಡಗಿದ ಕೋಶ

ತರಗತಿಯೊಂದರ ಸರಾಸರಿ ಅಂಕ 50 ಎಂದು ತಿಳಿದ ಮಾತ್ರಕ್ಕೆ, ಅಲ್ಲಿ 90 ಪಡೆದವರೆಷ್ಟು, 10 ಪಡೆದವರೆಷ್ಟು ಎಂಬುದು ತಿಳಿಯುವುದೇ? ಕ್ಯಾನ್ಸರ್ ಗಡ್ಡೆಯ ಪರೀಕ್ಷೆಯಲ್ಲಿಯೂ ಇದೇ ತೊಡಕು. ಗಡ್ಡೆಯ ಚೂರೊಂದರಲ್ಲಿರುವ ಅಸಂಖ್ಯ ಜೀವಕೋಶಗಳ ಡಿ.ಎನ್.ಎ.ಯನ್ನು ಒಟ್ಟಿಗೆ ತೆಗೆದು ಓದುವುದು ರೂಢಿ. ಆಗ ದೊರೆಯುವುದು ಸರಾಸರಿ ಮಾತ್ರ. ಸಾವಿರದಲ್ಲಿ ಒಂದಾಗಿ ಅಡಗಿರುವ ಭಿನ್ನಕೋಶವು ಕಣ್ಣಿಗೆ ಬೀಳುವುದಿಲ್ಲ.

ರೋಗಿಯ ಪ್ರಾಣಕ್ಕೆ ಮುಳುವಾಗುವುದು ಅನೇಕ ವೇಳೆ ಆ ಕೋಶವೇ. ಗಡ್ಡೆಯು ಒಂದು ಕೋಶದಿಂದ ಹುಟ್ಟಿ, ಹೊಸ ಹೊಸ ಉತ್ಪರಿವರ್ತನೆಗಳನ್ನು ಪಡೆಯುತ್ತ ಕವಲೊಡೆಯುವುದೆಂದು ಪೀಟರ್ ನೋವೆಲ್ ಅವರು 1976ರಲ್ಲಿಯೇ ಪ್ರತಿಪಾದಿಸಿದ್ದರು. ಔಷಧದಿಂದ ಬಹುಪಾಲು ಕೋಶಗಳು ಸತ್ತು ಗಡ್ಡೆ ಕರಗಿದಂತೆ ತೋರಬಹುದು. ಆದರೆ ಔಷಧಕ್ಕೆ ಬಗ್ಗದ ಕೆಲವು ಉಳಿದು ಮತ್ತೆ ಬೆಳೆಯುತ್ತವೆ.

ಈ ಕವಲುಗಳನ್ನು ಕಾಣಬೇಕಾದರೆ ಕೋಶಗಳನ್ನು ಒಂದೊಂದಾಗಿಯೇ ಪರೀಕ್ಷಿಸಬೇಕು. 2011ರಲ್ಲಿ ನಿಕೊಲಸ್ ನೇವಿನ್ ಮತ್ತು ಅವರ ಸಹೋದ್ಯೋಗಿಗಳು ಸ್ತನದ ಗಡ್ಡೆಯೊಂದರಿಂದ 100 ಕೋಶಗಳ ಕೇಂದ್ರಗಳನ್ನು ಬೇರ್ಪಡಿಸಿ, ಒಂದೊಂದರ ಡಿ.ಎನ್.ಎ.ಯನ್ನೂ ಪ್ರತ್ಯೇಕವಾಗಿ ಓದಿ, ಕ್ಯಾನ್ಸರಿನ ಮೂರು ಬೇರೆ ಸಂತತಿಗಳನ್ನು ಗುರುತಿಸಿದರು.

ಉತ್ಪರಿವರ್ತನೆಯನ್ನು ಅರಿತರೆ ಸಾಕೇ? ಸಾಲದು. ಚರ್ಮದ ಕೋಶಕ್ಕೂ ನರಕೋಶಕ್ಕೂ ಇರುವ ಜೀನುಗಳು ಒಂದೇ. ಯಾವುವು ಎಚ್ಚತ್ತಿವೆ, ಯಾವುವು ನಿದ್ರಿಸುತ್ತಿವೆ ಎಂಬುದರಲ್ಲಿಯೇ ಭೇದ. ಎಚ್ಚತ್ತ ಜೀನುಗಳ ಗುರುತು ಆರ್.ಎನ್.ಎ.ಯಲ್ಲಿ ದೊರೆಯುತ್ತದೆ. 2014ರಲ್ಲಿ ಐವರು ರೋಗಿಗಳ ಮೆದುಳಿನ ಗಡ್ಡೆಗಳ 430 ಕೋಶಗಳನ್ನು ಹೀಗೆ ಪರೀಕ್ಷಿಸಿದಾಗ, ರೋಗದ ಬೇರೆ ಬೇರೆ ಬಗೆಗಳೆಂದು ಎಣಿಸಿದ್ದವು ಒಂದೇ ಗಡ್ಡೆಯೊಳಗೆ ಜೊತೆಯಾಗಿ ಕಂಡುಬಂದವು. ಆದುದರಿಂದ ಉತ್ಪರಿವರ್ತನೆಯನ್ನೂ ಜೀನುಗಳ ನಿಯಂತ್ರಣವನ್ನೂ ಒಂದೇ ಕೋಶದಲ್ಲಿ ಕೂಡಿಸಿ ಓದುವುದೇ ಸರಿಯಾದ ಮಾರ್ಗವೆಂದು ನನ್ನ ಅಭಿಪ್ರಾಯ.

ಇದು ಸುಲಭವಲ್ಲ. ಒಂದು ಕೋಶದಲ್ಲಿರುವ ಡಿ.ಎನ್.ಎ. ಒಂದು ಗ್ರಾಮಿನ ಲಕ್ಷಕೋಟಿ ಭಾಗಗಳಲ್ಲಿ ಸುಮಾರು 6 ಭಾಗ ಮಾತ್ರ. ಅದರ ಪ್ರತಿಗಳನ್ನು ಹೆಚ್ಚಿಸುವಾಗ ಕೆಲವು ಭಾಗಗಳು ಬಿಟ್ಟುಹೋಗಬಹುದು, ತಪ್ಪುಗಳೂ ನುಸುಳಬಹುದು. ವೆಚ್ಚವೂ ಅಧಿಕ. ಹಾಗಾದರೆ ಇದು ಬಡರೋಗಿಗೆ ನಿಲುಕದ ವೈಭೋಗವೇ? ಅಲ್ಲವೆಂದೇ ಹೇಳಬೇಕು. ಪ್ರತಿಯೊಬ್ಬ ರೋಗಿಗೂ ಈ ಪರೀಕ್ಷೆ ಬೇಕಾಗಿಲ್ಲ. ಔಷಧವನ್ನು ಎದುರಿಸುವ ಕೋಶಗಳ ಲಕ್ಷಣವನ್ನು ಸಂಶೋಧನಾಲಯವು ಖಚಿತಪಡಿಸಿದರೆ, ಅವನ್ನು ಹುಡುಕುವ ಸರಳ ಪರೀಕ್ಷೆಗಳನ್ನು ರೂಪಿಸಲು ದಾರಿಯಾಗುತ್ತದೆ.

ಸಾವಿರಾರು ಕೋಶಗಳ ಲೆಕ್ಕವನ್ನು ಬಿಡಿಸಲು ಜೀವಶಾಸ್ತ್ರವೊಂದೇ ಸಾಲದು, ಗಣಿತವೂ ಬೇಕು. ಇವೆರಡನ್ನೂ ಬೇರೆ ಬೇರೆ ದಾರಿಗಳೆಂದು ಬಗೆಯುವ ವಿದ್ಯಾರ್ಥಿಗಳು ಇದನ್ನು ಮನಗಾಣಲಿ.