ಮಗುವಿನ ಹುಟ್ಟುಹಬ್ಬಕ್ಕೆ ಮುಯ್ಯಿ ಲೆಕ್ಕ ಯಾಕೆ?



ಸ್ವಲ್ಪ ಉದ್ದದ ಪೋಸ್ಟ್ ಇದು. ಒಳಮೀಸಲಾತಿ, ಭೂಮಿ ಹಕ್ಕು ಎಲ್ಲಾ ಬಿಟ್ಟು ಇವನು ಮಕ್ಕಳ ಬರ್ತ್‌ಡೇ ಗಿಫ್ಟ್ ಬಗ್ಗೆ ಬರೀತಾ ಕೂತಿದಾನಲ್ಲ ಅಂತ ನಗಬೇಡಿ. ನಗೋದಾದ್ರೆ ಪೂರ್ತಿ ಓದಿ ಆಮೇಲೆ ನಗಿ.

ಮೊದಲೇ ಹೇಳಿಬಿಡ್ತೀನಿ, ನಾನು ಹುಟ್ಟುಹಬ್ಬದ ವಿರೋಧಿ ಅಲ್ಲ. ಕೇಕ್ ಕತ್ತರಿಸೋದು ನಮ್ಮ ಸಂಸ್ಕೃತಿ ಅಲ್ಲ ಅನ್ನೋ ಭಾಷಣ ಬೇಕಾದಷ್ಟು ಕೇಳಿದೀನಿ. ನಮ್ಮ ಕೇರಿಯಲ್ಲಿ ನನ್ನ ವಯಸ್ಸಿನವರ, ನನಗಿಂತ ದೊಡ್ಡವರ ಮಾರ್ಕ್ಸ್ ಕಾರ್ಡ್ ತೆಗೆದು ನೋಡಿ, ಎಷ್ಟು ಜನ ಜೂನ್ 1ಕ್ಕೆ ಹುಟ್ಟಿದಾರೆ ಎಣಿಸಿ. ಶಾಲೆಗೆ ಸೇರಿಸೋಕೆ ಹೋದಾಗ ಮೇಷ್ಟ್ರು ತಾರೀಖು ಕೇಳಿದ್ರು, ಅವ್ವ "ಮಾರಮ್ಮನ ಹಬ್ಬ ಆಗಿ ಎಂಟು ದಿನಕ್ಕೆ ಹುಟ್ಟಿದ ಸ್ವಾಮಿ" ಅಂದಳು, ಮೇಷ್ಟ್ರು ಜೂನ್ 1 ಅಂತ ಬರ್ಕೊಂಡ್ರು. ನಾನು ಗುಮಾಸ್ತ. ಸರ್ವಿಸ್ ರಿಜಿಸ್ಟರ್ ತಿರುವಿ ಹಾಕೋದೇ ನನ್ನ ಹೊಟ್ಟೆಪಾಡು. ಜೂನ್ 1ಕ್ಕೆ ಹುಟ್ಟಿದೋರು ಮೇ 31ಕ್ಕೆ ನಿವೃತ್ತಿ ಆಗ್ತಾರೆ. ಅವತ್ತು ಸರ್ಕಾರಿ ಆಫೀಸುಗಳಲ್ಲಿ ಹಾರ, ಶಾಲು, ಹಣ್ಣಿನ ಬುಟ್ಟಿ ಸಾಲುಗಟ್ಟಿರೋದು ಈ ಕಾರಣಕ್ಕೆ. ನಿಜವಾದ ತಾರೀಖೇ ಇಲ್ಲದೆ ಬದುಕಿ ಪೆನ್ಷನ್ ತಗೊಂಡ ಜನ ನಾವು. ಈಗ ನಮ್ಮ ಮಕ್ಕಳಿಗೆ ಹುಟ್ಟಿದ ಆಸ್ಪತ್ರೆ ಗೊತ್ತು, ಗಂಟೆ ಗೊತ್ತು, ಜನನ ಪ್ರಮಾಣಪತ್ರ ಇದೆ. ಬಲೂನು ಕಟ್ಟಿ ಕೇಕ್ ಕತ್ತರಿಸಲಿ, ನನಗೇನೂ ಬೇಜಾರಿಲ್ಲ.

ನನ್ನ ತಕರಾರಿರೋದು ಆ ಮೂಲೆಯ ಟೇಬಲ್ ಮೇಲೆ ಪೇರಿಸಿಡ್ತಾರಲ್ಲ, ಬಣ್ಣದ ಕಾಗದದ ಪ್ಯಾಕೆಟ್ಟು ಮತ್ತು ಕವರು, ಅದರ ಬಗ್ಗೆ.

ಮುಯ್ಯಿ ನಮಗೇನು ಹೊಸದಲ್ಲ. ಮದುವೆ ಮನೇಲಿ ಒಬ್ಬ ಅಕ್ಷರ ಬಲ್ಲೋನು ನೋಟ್‌ಬುಕ್ ಇಟ್ಕೊಂಡು ಕೂತಿರ್ತಾನೆ. ಯಾವ ಊರು, ಯಾರ ಮಗ, 101ಓ 501ಓ ಬರೀತಾನೆ. ಹಿಂದೆ ಮೈಕಲ್ಲೇ ಓದಿಸೋರು. ಇದನ್ನ ನಾನು ಕೀಳು ಮಾಡಲ್ಲ. ಬ್ಯಾಂಕು ಬಾಗಿಲಿಗೂ ಸೇರಿಸದ ಕಾಲದಲ್ಲಿ ಮದುವೆ ಖರ್ಚು ತೂಗಿಸಿದ್ದು ಇದೇ ನೋಟ್‌ಬುಕ್ಕು. ಇವತ್ತು ನಿನ್ನ ಮನೆಗೆ, ನಾಳೆ ನನ್ನ ಮನೆಗೆ. ಬಡ್ಡಿ ಇಲ್ಲದ ಕೈಸಾಲ ಅಂತಲೇ ಇಟ್ಕೊಳ್ಳಿ.

ಆದ್ರೆ ಮದುವೆ ಬದುಕಲ್ಲಿ ಒಂದು ಸಲ. ಬರ್ತ್‌ಡೇ ವರ್ಷ ವರ್ಷ, ಅದೂ ಕ್ಲಾಸಲ್ಲಿ ನಲವತ್ತು ಮಕ್ಕಳು. ಅವರು ಕೊಟ್ಟಿದ್ದು ಐನೂರು, ನಾವು ಇನ್ನೂರು ಕೊಟ್ರೆ ಹೆಂಗೆ ಅನ್ನೋ ಲೆಕ್ಕ ಶುರುವಾದ್ರೆ ದಿನಗೂಲಿ ಮನೆ ಎಲ್ಲಿಗೆ ಹೋಗಬೇಕು?

2012ರಿಂದ ಆರ್‌ಟಿಇ ಕೆಳಗೆ ಖಾಸಗಿ ಶಾಲೆಗಳ ಶೇ. 25 ಸೀಟು ನಮ್ಮಂಥ ಮನೆಗಳ ಮಕ್ಕಳಿಗೆ ಸಿಗೋಕೆ ಶುರುವಾಯ್ತು. 2019ರಿಂದ ನಮ್ಮ ರಾಜ್ಯದಲ್ಲಿ ನಿಯಮ ಬದಲಿಸಿ, ಹತ್ತಿರದಲ್ಲಿ ಸರ್ಕಾರಿ, ಅನುದಾನಿತ ಶಾಲೆ ಇದ್ರೆ ಖಾಸಗಿ ಸೀಟಿಲ್ಲ ಅಂದ್ರು. ಅದರ ಜಗಳ ಬೇರೆ, ಇನ್ನೊಂದು ದಿನ ಬರೀತೀನಿ. ಅಷ್ಟರಲ್ಲಿ ಸೀಟು ಸಿಕ್ಕಿದ ಮಕ್ಕಳು ಒಳಗೆ ಹೋದ್ವು. ಫೀಸನ್ನ ಸರ್ಕಾರ ಕಟ್ಟುತ್ತೆ. ಬರ್ತ್‌ಡೇ ಗಿಫ್ಟನ್ನ ಯಾರು ಕಟ್ತಾರೆ?

ನಮ್ಮ ಬೀದಿಯ ಒಬ್ಬ ತಾಯಿ ಪೌರಕಾರ್ಮಿಕರು. ಮಗಳಿಗೆ ಹಿಂಗೇ ಸೀಟು ಸಿಕ್ಕಿತ್ತು. ಎರಡನೇ ಕ್ಲಾಸಲ್ಲಿದ್ದಾಗ ಒಬ್ಬ ಸಹಪಾಠಿ ಮನೆಯಿಂದ ಬರ್ತ್‌ಡೇ ಕರೆ ಬಂತು. ಈಯಮ್ಮ ಅಂಗಡಿಗೆ ಹೋಗಿ ನೂರೈವತ್ತು ರೂಪಾಯಿಯ ಕಲರ್ ಪೆನ್ಸಿಲ್ ಡಬ್ಬಿ ತಂದ್ರು. ಕಾಗದ ಸುತ್ತಿ, ಮಗಳ ಕೈಯಲ್ಲೇ ಹೆಸರು ಬರೆಸಿದ್ರು. ಅಲ್ಲಿ ಕೇಕ್ ಆದ್ಮೇಲೆ ಎಲ್ಲಾ ಮಕ್ಕಳನ್ನ ಸುತ್ತ ಕೂರಿಸಿ ಒಂದೊಂದೇ ಗಿಫ್ಟ್ ಬಿಚ್ಚಿದ್ರಂತೆ. ರಿಮೋಟ್ ಕಾರು ಬಂದಾಗ ಚಪ್ಪಾಳೆ, ದೊಡ್ಡ ಗೊಂಬೆ ಬಂದಾಗ ಚಪ್ಪಾಳೆ. ಪೆನ್ಸಿಲ್ ಡಬ್ಬಿ ಬಂದಾಗ ಆ ಮನೆಯ ದೊಡ್ಡವರೊಬ್ಬರು "ಓ, ಇದು ಇವಳದ್ದಾ" ಅಂದು ಪಕ್ಕಕ್ಕಿಟ್ಟರಂತೆ. ಬೈಲಿಲ್ಲ, ಜಾತಿ ಎತ್ತಲಿಲ್ಲ. ಮುಂದಿನ ಸಲ ಬೇರೆ ಮನೆಯಿಂದ ಕರೆ ಬಂದಾಗ ಈ ಹುಡುಗಿ ಹೊಟ್ಟೆ ನೋವು ಅಂತ ಮಲಗಿಬಿಟ್ಟಳು. ತಾಯಿಗೆ ಗೊತ್ತಾಯ್ತು, ಹೊಟ್ಟೆ ನೋವಲ್ಲ ಅಂತ. ಏಳು ವರ್ಷದ ಮಗೂಗೆ ತನ್ನ ಬೆಲೆ ಎಷ್ಟು ಅಂತ ಲೆಕ್ಕ ಹೇಳಿಕೊಟ್ಟಿದ್ದು ಯಾವ ಟೀಚರೂ ಅಲ್ಲ, ಆ ಗಿಫ್ಟ್ ಬಿಚ್ಚೋ ಆಟ.

ಹಾಗಾಗಿ ನನ್ನ ಮೊದಲನೇ ಮಾತು ಕರೆಯೋರಿಗೆ. ಬಂದಿರೋ ಮಕ್ಕಳ ಮುಂದೆ ಗಿಫ್ಟ್ ಬಿಚ್ಚಬೇಡಿ. ಎಲ್ಲರೂ ಹೋದಮೇಲೆ ಬಿಚ್ಚಿ. ಗಿಫ್ಟ್ ಹಿಡಿಸಿ ಫೋಟೋ ತೆಗೆಯೋದನ್ನೂ ಬಿಡಿ. ಬರಿಗೈಲಿ ಬಂದ ಮಗೂಗೆ ಬೇರೆಯವರಿಗಿಂತ ಮೊದಲೇ ಕೇಕ್ ಕೊಡಿ, ಯಾಕಂದ್ರೆ ಆ ಮಗು ಬಾಗಿಲಲ್ಲೇ ನಿಂತಿರುತ್ತೆ, ನೀವೇ ಕರೀಬೇಕು.

ಕಾರ್ಡಲ್ಲಿ "ಉಡುಗೊರೆ ಬೇಡ, ಆಶೀರ್ವಾದ ಸಾಕು" ಅಂತ ಹಾಕಿಸೋದರಲ್ಲಿ ನನಗೆ ನಂಬಿಕೆ ಇಲ್ಲ. ಉಳ್ಳೋರು ಅದನ್ನ ಓದಿಯೂ ತರ್ತಾರೆ. ಇಲ್ಲದೋರು ಮಾತು ನಂಬಿ ಬರಿಗೈಲಿ ಬಂದು ಆ ಟೇಬಲ್ ನೋಡಿ ಕುಗ್ತಾರೆ. ಅದಕ್ಕಿಂತ ಒಂದು ಮಿತಿ ಹೇಳಿಬಿಡಿ. "ತರೋದಾದ್ರೆ ನೂರು ರೂಪಾಯಿ ಒಳಗೆ, ಮಗು ಓದೋ ಅಥವಾ ಬಣ್ಣ ಹಚ್ಚೋ ಪುಸ್ತಕ" ಅಂತ ವಾಟ್ಸಾಪಲ್ಲಿ ಹಾಕಿ. ಅಮ್ಮಂದಿರ ಗ್ರೂಪಲ್ಲಿ "ತಲಾ ಐನೂರು ಹಾಕಿ ಒಂದು ದೊಡ್ಡ ಗಿಫ್ಟ್ ಕೊಡೋಣ" ಅಂತಾರಲ್ಲ, ಅಲ್ಲಿ ಸುಮ್ಮನಿರೋರು ಯಾರು ಅಂತ ಒಂದು ಸಲ ಗಮನಿಸಿ. ನಿಮಗೆ ಧೈರ್ಯ ಇದ್ರೆ ಅವರ ಪರವಾಗಿ ನೀವೇ "ನೂರು ಸಾಕು" ಅಂತ ಬರೀರಿ. ಅವರು ಬರೆಯಲ್ಲ, ಬರೆಯೋಕಾಗಲ್ಲ.

ಇನ್ನು ರಿಟರ್ನ್ ಗಿಫ್ಟ್. ಬಂದ ಮಕ್ಕಳಿಗೆ ಒಂದು ಪೆನ್ಸಿಲ್ ಕೊಡಿ, ಮುಗೀತು.

ಇದಕ್ಕಿಂತ ಆಳದ ವಿಷಯ ಒಂದಿದೆ. ಕೊಡೋದರಲ್ಲೂ ತಗೊಳ್ಳೋದರಲ್ಲೂ ಜಾತಿ ಇದೆ. ನಮ್ಮಜ್ಜಿ ಹಬ್ಬದ ಮಾರನೇ ದಿನ ಊರೊಳಗೆ ಹೋಗಿ, ಹಿತ್ತಿಲ ಬಾಗಿಲಲ್ಲಿ ನಿಂತು, ಉಳಿದ ಅಡುಗೆಯನ್ನ ಸೆರಗಿಗೆ ಹಾಕಿಸ್ಕೊಂಡು ಬರೋಳು. ಜೊತೆಗೆ ಯಜಮಾನರ ಮಕ್ಕಳ ಹಳೇ ಅಂಗಿ. ಅದಕ್ಕೆ ಯಾರೂ ಉಡುಗೊರೆ ಅಂತಿರಲಿಲ್ಲ. ವಾಪಸ್ ಕೊಡೋ ಹಕ್ಕು ನಮಗಿರಲಿಲ್ಲವಲ್ಲ. ಬಾಬಾಸಾಹೇಬರು 1927ರ ಮಾರ್ಚ್‌ನಲ್ಲಿ ಮಹಾಡ್‌ನಲ್ಲಿ ಸತ್ತ ದನದ ಮಾಂಸ ಬಿಡಿ, ಎಂಜಲು ಬಿಡಿ ಅಂತ ಹೇಳಿದ್ದು ಇದಕ್ಕೇ.

ಈಗ ಅದೇ ಹಳೇ ಅಂಗಿ ಬೇರೆ ವೇಷದಲ್ಲಿ ಬರುತ್ತೆ. ಆಫೀಸಲ್ಲಿ ಮೇಡಂ ಒಬ್ಬರು "ನಮ್ಮ ಪುಟ್ಟಂಗೆ ಚಿಕ್ಕದಾಗಿದೆ, ನಿಮ್ಮ ಮಗೂಗೆ ಆಗುತ್ತೆ, ಬರ್ತ್‌ಡೇ ಬರ್ತಿದೆಯಲ್ಲ" ಅಂತ ಒಂದು ಬ್ಯಾಗ್ ಕೊಡ್ತಾರೆ. ಒಳ್ಳೇ ಮನಸ್ಸಿಂದಲೇ ಇರಬಹುದು. ಅಣ್ಣನ ಮಗನ ಬಟ್ಟೆ ತಮ್ಮನ ಮಗ ಹಾಕೋದು ನಮ್ಮಲ್ಲೂ ಇದೆ, ಅದರಲ್ಲಿ ಅವಮಾನ ಏನಿಲ್ಲ. ನಾನು ಒಂದೇ ಪ್ರಶ್ನೆ ಕೇಳ್ಕೊಳ್ತೀನಿ: ನನ್ನ ಮಗಳ ಚಿಕ್ಕದಾದ ಫ್ರಾಕನ್ನ ಅವರ ಮನೆ ಮಗೂಗೆ ಕೊಟ್ರೆ ತಗೊಳ್ತಾರಾ? ತಗೊಳ್ತಾರೆ ಅನ್ನಿಸಿದ್ರೆ ನಾನೂ ತಗೊಳ್ತೀನಿ. ಇಲ್ಲ ಅನ್ನಿಸಿದ್ರೆ "ಬೇಡ ಮೇಡಂ, ಮನೇಲಿ ಇದೆ" ಅಂತೀನಿ.

ನಮ್ಮ ಮನೆ ಮಗುವಿನ ಬರ್ತ್‌ಡೇಗೆ ಬರೋ ಕೆಲವರನ್ನ ನೋಡಿದೀರಲ್ಲ. ದಪ್ಪ ಕವರ್ ಕೊಡ್ತಾರೆ, ಮಗು ಕೆನ್ನೆ ಹಿಂಡ್ತಾರೆ, ಎಲೆ ಹಾಕೋ ಹೊತ್ತಿಗೆ "ಇವತ್ತು ಶನಿವಾರ, ಉಪವಾಸ" ಅಂತ ಎದ್ದು ಹೋಗ್ತಾರೆ. ವಾರದಲ್ಲಿ ಏಳು ದಿನಾನೂ ಶನಿವಾರ ಅವರಿಗೆ. ಪಕ್ಕದ ಮನೆಗೆ ಕಂಪನಿ ಚಾಕಲೇಟು ಕಳಿಸಿದ್ರೆ ಒಳಗೆ ಹೋಗುತ್ತೆ, ನಮ್ಮನೆ ಪಾಯಸ ಕಳಿಸಿದ್ರೆ ಅವರ ಮಗೂಗೆ ಅವತ್ತೇ ಶೀತ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆ ರದ್ದು ಮಾಡಿದೆ, ಪಾಯಸದ ಬಟ್ಟಲಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ನಮ್ಮ ಮಕ್ಕಳ ಹುಟ್ಟುಹಬ್ಬಕ್ಕೆ ಬರೋ ಸವರ್ಣ ಸ್ನೇಹಿತರಿಗೆ ನಾನು ನೇರವಾಗಿ ಹೇಳೋದು: ಕವರ್ ಮನೇಲೇ ಬಿಟ್ಟು ಬನ್ನಿ, ಪಂಕ್ತೀಲಿ ಕೂತು ಉಣ್ಣಿ. ನಿಮ್ಮ ಮಗೂನ ನನ್ನ ಮಗಳ ಪಕ್ಕ ಕೂರಿಸಿ ಒಂದೇ ತಟ್ಟೆಯ ಕೇಕ್ ತಿನ್ನಿಸಿ. ಅದಕ್ಕೆ ಸಮಾನಾದ ಗಿಫ್ಟ್ ಯಾವ ಅಂಗಡಿಲೂ ಇಲ್ಲ.

ನಮ್ಮವರನ್ನೂ ಬಿಡಲ್ಲ. ಚಳವಳಿಯ ಮುಖಂಡರ ಮಗುವಿನ ಮೊದಲನೇ ವರ್ಷಕ್ಕೆ ಊರು ತುಂಬಾ ಫ್ಲೆಕ್ಸು. ಕಂಟ್ರಾಕ್ಟರ್ ಒಬ್ಬ ಬಂದು ಚಿನ್ನದ ಉಂಗುರ ತೊಡಿಸ್ತಾನೆ, ಮೈಕಲ್ಲಿ ಹೆಸರು ಕೂಗ್ತಾರೆ. ಒಂದು ವರ್ಷದ ಮಗೂಗೆ ಉಂಗುರ ಯಾಕೆ? ಅದು ಮಗುವಿನ ಬೆರಳಿಗೆ ತೊಡಿಸಿದ್ದಲ್ಲ, ಅಪ್ಪನ ಬಾಯಿಗೆ ಹಾಕಿದ್ದು ಅಂತ ಕೆಳಗೆ ಕೂತ ಎಲ್ಲರಿಗೂ ಗೊತ್ತು. ಕುವೆಂಪು ಅವರ ಮಂತ್ರಮಾಂಗಲ್ಯದಲ್ಲಿ ಸರಳ ಮದುವೆ ಆದ ದಂಪತಿಗಳೇ ಮಗು ಹುಟ್ಟಿದಮೇಲೆ ಹಾಲ್ ಬುಕ್ ಮಾಡ್ತಾರೆ.

ಇನ್ನೊಂದು ಕಡೆ ಪ್ರಾಮಾಣಿಕ ಕಾರ್ಯಕರ್ತರು. ಒಬ್ಬ ಗೆಳೆಯರ ನಾಲ್ಕು ವರ್ಷದ ಮಗನಿಗೆ ಬಾಬಾಸಾಹೇಬರ ಫೋಟೋ ಫ್ರೇಮು ಆರು, ಸಂವಿಧಾನದ ದಪ್ಪ ಪುಸ್ತಕ ಎರಡು ಬಂದಿದ್ವು. ಮಗು ಎಲ್ಲಾ ಬಿಚ್ಚಿ ನೋಡಿ "ಚೆಂಡು ಎಲ್ಲಿ?" ಅಂತ ಅತ್ತುಬಿಡ್ತು. ಗೋಡೆಗೆ ಒಂದು ಫೋಟೋ ಸಾಕು ಮಾರಾಯ್ರೇ. ಮಗೂಗೆ ಚೆಂಡು ಕೊಡಿ, ಚನ್ನಪಟ್ಟಣದ ಬುಗುರಿ ಕೊಡಿ, ಕ್ರೆಯಾನ್ಸ್ ಕೊಡಿ. ನ್ಯಾಷನಲ್ ಬುಕ್ ಟ್ರಸ್ಟ್, ನವಕರ್ನಾಟಕದವರ ಮಕ್ಕಳ ಪುಸ್ತಕಗಳಿವೆ, ಬೆಲೆ ಹೆಚ್ಚಿಲ್ಲ. ಪುಸ್ತಕ ಕೊಟ್ರೆ ಜೊತೆಗೆ ಹತ್ತು ನಿಮಿಷ ಕೂತು ಓದಿ ಹೇಳಿ. ನಮ್ಮ ಎಷ್ಟೋ ಮನೆಗಳಲ್ಲಿ ಓದಿ ಹೇಳೋರಿಲ್ಲ.

ಕೆಲೂಸ್ಕರ್ ನೆನಪಿದೆಯಲ್ಲ? ಕೃಷ್ಣಾಜಿ ಅರ್ಜುನ್ ಕೆಲೂಸ್ಕರ್. ಹುಡುಗ ಭೀಮರಾವ್ ಪರೀಕ್ಷೆ ಪಾಸಾದಾಗ ಬಾಂಬೆಯಲ್ಲಿ ನಡೆದ ಸನ್ಮಾನದಲ್ಲಿ, ತಾವೇ ಮರಾಠಿಯಲ್ಲಿ ಬರೆದ ಬುದ್ಧನ ಜೀವನ ಚರಿತ್ರೆಯನ್ನ ಕೈಗಿಟ್ಟರು. ಬಾಬಾಸಾಹೇಬರೇ ಇದನ್ನ ಬರೆದುಕೊಂಡಿದ್ದಾರೆ. ಮುಂದೆ 1956ರ ಅಕ್ಟೋಬರ್ 14, ನಾಗಪುರ. ಕೆಲೂಸ್ಕರ್ ಅಸ್ಪೃಶ್ಯ ಜಾತಿಯವರಲ್ಲ. ಹಳೇ ಅಂಗಿ ಕೊಡದೆ, ಓದೋ ಹುಡುಗ ಅಂತ ಗುರುತಿಸಿ ಅವನ ವಯಸ್ಸಿಗೆ ತಕ್ಕ ಪುಸ್ತಕ ಕೊಟ್ಟರು. ಸನ್ಮಾನಕ್ಕೂ ಮುಂಚೆಯೇ ಅವನ ಓದಿನ ಬಗ್ಗೆ ವಿಚಾರಿಸಿ, ಪುಸ್ತಕ ಕೊಡ್ತಿದ್ದರು. ಅವರಿಗೆ ಆ ಹುಡುಗ ಗೊತ್ತಿದ್ದ. ನಾವು ಗಿಫ್ಟ್ ಕೊಡೋ ಮಕ್ಕಳಲ್ಲಿ ಎಷ್ಟು ಜನರ ಹೆಸರು ನಮಗೆ ಸರಿಯಾಗಿ ಗೊತ್ತು?

ಬರೋ ತಿಂಗಳು ಎರಡನೇ ಭಾನುವಾರ ನನ್ನ ತಂಗಿ ಮಗಳಿಗೆ ನಾಲ್ಕು ತುಂಬುತ್ತೆ. ಮನೆ ಮುಂದೆ ಶಾಮಿಯಾನ ಹಾಕಿ ಮಾಡ್ತೀವಿ. ಬಾಗಿಲಲ್ಲಿ ಟೇಬಲ್ ಇಡಲ್ಲ, ನೋಟ್‌ಬುಕ್ಕೂ ಇಡಲ್ಲ. ತಂದಿದ್ದನ್ನ ಒಂದು ಗೋಣಿಚೀಲಕ್ಕೆ ಹಾಕಿ, ಹೆಸರು ಬರೀಬೇಡಿ, ರಾತ್ರಿ ಬಿಚ್ಚಿ ನೋಡ್ತೀವಿ. ಅವಳಿಗೆ ಸದ್ಯಕ್ಕೆ ಹುಚ್ಚು ಅಂದ್ರೆ ಸೋಪಿನ ಗುಳ್ಳೆ ಊದೋ ಡಬ್ಬಿ, ಹತ್ತು ಇಪ್ಪತ್ತು ರೂಪಾಯಿಗೆ ಸಿಗುತ್ತೆ. ಬೀದಿ ಮಕ್ಕಳೆಲ್ಲಾ ಬರ್ತಾರೆ, ನಿಮ್ಮ ಮಕ್ಕಳನ್ನೂ ಕರ್ಕೊಂಡು ಬನ್ನಿ. ಮಧ್ಯಾಹ್ನ ಒಂದು ಗಂಟೆಗೆ ಊಟ, ಮುದ್ದೆ, ಕೋಳಿ ಸಾರು, ತಿನ್ನದೋರಿಗೆ ಕಾಳು ಸಾರು. ಅವತ್ತು ಉಪವಾಸ ಇರೋರು ಮುಂದಿನ ಭಾನುವಾರ ಬನ್ನಿ, ಅವತ್ತೂ ನಮ್ಮನೇಲಿ ಅನ್ನ ಇರುತ್ತೆ.

ಜೈ ಭೀಮ್.