ಯಾವ ‘ವಿ’, ಟೀಚರ್?

ಹೊರದೇಶಗಳಿಗೆ ಹೋಗಿ ಅಲ್ಲಿನ ಮಕ್ಕಳಿಗೆ ಇಂಗ್ಲಿಷ್ ಕಲಿಸುವವರ ಬರಹಗಳನ್ನು ನಾನು ಆಸೆಪಟ್ಟು ಓದುತ್ತೇನೆ. ಮಕ್ಕಳು ತಪ್ಪುತಪ್ಪಾಗಿ ಆಡಿದ ಒಂದು ವಾಕ್ಯ, ಅದಕ್ಕೆ ಇಡೀ ಕ್ಲಾಸು ನಕ್ಕದ್ದು, ತಿಂಗಳುಗಟ್ಟಲೆ ಬಾಯಿ ಬಿಡದ ಹುಡುಗಿ ಒಂದು ದಿನ ತಟ್ಟನೆ ಪ್ರಶ್ನೆ ಕೇಳಿದ್ದು. ಓದುತ್ತಾ ಹೋದಂತೆ ಇದು ನಮ್ಮದೇ ಶಾಲೆಯಲ್ಲವೇ ಅನಿಸುತ್ತದೆ. ಜೊತೆಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತದೆ. ಎದುರಿಗೆ ಕೂತ ಮಗುವಿಗೆ ಇಂಗ್ಲಿಷ್ ಪರಭಾಷೆ ಎಂಬುದನ್ನು ಅಲ್ಲಿ ಸರ್ಕಾರ, ಹೆಡ್ ಮಾಸ್ಟರು, ಅಪ್ಪ ಅಮ್ಮ ಎಲ್ಲರೂ ಒಪ್ಪಿಕೊಂಡಿರುತ್ತಾರೆ. ಜಪಾನ್ ಸರ್ಕಾರ 1987ರಲ್ಲಿ ‘ಜೆಟ್’ ಎಂಬ ಕಾರ್ಯಕ್ರಮ ಶುರುಮಾಡಿ ಹೊರಗಿನ ತರುಣ ತರುಣಿಯರನ್ನು ಕರೆಸಿಕೊಂಡಿತು. ಅವರಲ್ಲಿ ಹೆಚ್ಚಿನವರನ್ನು ಜಪಾನಿ ಟೀಚರುಗಳ ಪಕ್ಕದಲ್ಲಿ ಇಂಗ್ಲಿಷ್ ಸಹಾಯಕರಾಗಿ ನಿಲ್ಲಿಸಿತು. ಲೆಕ್ಕ, ವಿಜ್ಞಾನ ಜಪಾನಿ ಭಾಷೆಯಲ್ಲೇ ಉಳಿದವು. ಇಂಗ್ಲಿಷ್ ಬರಲಿ ಎಂದು ಭಿನ್ನರಾಶಿಯನ್ನೂ ಇಂಗ್ಲಿಷಿನಲ್ಲೇ ಕಲಿಸಿ ಎಂದು ಅಲ್ಲಿ ಯಾರೂ ಹಟ ಹಿಡಿಯಲಿಲ್ಲ.

ನಾನು ಇಂಗ್ಲಿಷ್ ಕಲಿಸುವುದು ಪುತ್ತೂರು, ಸುಳ್ಯ, ಕಡಬದ ಕಡೆಯ ಪ್ರಾಥಮಿಕ ಶಾಲೆಗಳಲ್ಲಿ. ಶುರುಮಾಡಿದಾಗ ಕಡಬ ಇನ್ನೂ ತಾಲೂಕಾಗಿರಲಿಲ್ಲ. ಇಲ್ಲಿನ ಮಗುವಿಗೆ ಇಂಗ್ಲಿಷ್ ಜಪಾನಿನ ಮಗುವಿಗಿದ್ದಷ್ಟೇ ದೂರ. ಆದರೆ ನಾವು ಅದನ್ನು ಒಪ್ಪುವುದಿಲ್ಲ. ಇಂಗ್ಲಿಷ್ ನಮ್ಮದೇ ಭಾಷೆ, ಸ್ವಲ್ಪ ತಡವಾಗಿ ಬರುತ್ತಿದೆ ಅಷ್ಟೆ, ಎಂಬ ನಾಟಕ ಆಡುತ್ತೇವೆ. ನನ್ನ ತಕರಾರು ಈ ನಾಟಕದ ಮೇಲೆ.

ಮೊದಲು ಬೆಂಚಿನ ಮೇಲೆ ಯಾರು ಕೂತಿದ್ದಾರೆ ನೋಡಿ. ಇಪ್ಪತ್ತು ಮಕ್ಕಳ ಒಂದು ಕ್ಲಾಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಗಳ ಮಾತು ತುಳು. ಸುಳ್ಯದ ಕಡೆ ಹೋದರೆ ಅರೆಭಾಷೆ. ತೋಟದ ಮನೆಗಳಿಂದ ಬರುವ ಕೆಲವರು ಹವಿಗನ್ನಡದವರು. ಬ್ಯಾರಿ, ಮಲಯಾಳ, ಕೊಂಕಣಿ, ಮರಾಠಿಯವರು ಇದ್ದಾರೆ. ರಬ್ಬರ್ ತೋಟಗಳ ಪಕ್ಕದ ಶಾಲೆಗಳಲ್ಲಿ ತಮಿಳು ಮಾತಾಡುವ ಮಕ್ಕಳಿದ್ದಾರೆ. 1964ರ ಸಿರಿಮಾವೋ-ಶಾಸ್ತ್ರಿ ಒಪ್ಪಂದದ ಪ್ರಕಾರ ಶ್ರೀಲಂಕಾದ ಚಹಾ ತೋಟಗಳಿಂದ ಬಂದು, ಇಲ್ಲಿ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ಟ್ಯಾಪಿಂಗಿಗೆ ಸೇರಿದವರ ಮೊಮ್ಮಕ್ಕಳು, ಮರಿಮಕ್ಕಳು ಇವರು. ಶಾಲೆಯಲ್ಲಿ ನಾವು ಆಡುವ ಕನ್ನಡವನ್ನೇ ಮನೆಯಲ್ಲೂ ಆಡುವ ಮಗುವನ್ನು ಈ ಕ್ಲಾಸಿನಲ್ಲಿ ಹುಡುಕಬೇಕಾಗುತ್ತದೆ.

ಇಂಥ ಕ್ಲಾಸಿನಲ್ಲಿ ಇಂಗ್ಲಿಷ್ ಕಲಿಸುವುದು ಎಷ್ಟು ಖುಷಿಯ ಕೆಲಸ ಎಂದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ಹಸಿವೆಯ ಪಾಠವನ್ನೇ ನೋಡಿ. ‘ಐ ಆ್ಯಮ್ ಹಂಗ್ರಿ’ ಎಂದು ಹೇಳಿಕೊಡಬೇಕು. ಪುಸ್ತಕ ಮುಚ್ಚಿ, ಹಸಿವಾದರೆ ಮನೆಯಲ್ಲಿ ಏನು ಹೇಳುತ್ತೀರಿ ಎಂದು ಕೇಳುತ್ತೇನೆ. ‘ಎಂಕ್ ಬಡವಾಪುಂಡು’ ಎನ್ನುತ್ತಾನೆ ಒಬ್ಬ. ‘ಎನಿಕ್ಕ್ ವಿಶಕ್ಕುನ್ನು’, ‘ಎನಕ್ಕು ಪಸಿಕ್ಕುದು’, ‘ಮ್ಹಾಕಾ ಭುಕ್ ಲಾಗ್ಲ್ಯಾ’ ಎಂದು ಉಳಿದವರು. ಕನ್ನಡದಲ್ಲಿ ‘ನನಗೆ ಹಸಿವಾಗುತ್ತದೆ’. ಬೋರ್ಡಿನ ಮೇಲೆ ಎಲ್ಲವನ್ನೂ ಬರೆದಾಗ ಮಕ್ಕಳೇ ಕಂಡುಹಿಡಿಯುತ್ತಾರೆ: ನಮ್ಮೆಲ್ಲರ ಮನೆಗಳಲ್ಲಿ ಹಸಿವು ಹೊರಗಿನಿಂದ ನಮಗೆ ಬರುತ್ತದೆ, ನೆಂಟರ ಹಾಗೆ. ಇಂಗ್ಲಿಷಿನಲ್ಲಿ ಮಾತ್ರ ‘ನಾನು’ ಮುಂದೆ ಬಂದು ನಿಲ್ಲಬೇಕು. ಇದು ಒಮ್ಮೆ ತಲೆಗೆ ಹೋದರೆ ‘ಟು ಮಿ ಹಂಗ್ರಿ ಈಸ್ ಕಮಿಂಗ್’ ಎಂಬ ವಾಕ್ಯ ತಾನಾಗಿ ಕಡಿಮೆಯಾಗುತ್ತದೆ. ವ್ಯಾಕರಣದ ಹೆಸರು ಹೇಳುವ ಅಗತ್ಯವೇ ಬರುವುದಿಲ್ಲ.

ಇನ್ನೊಂದು ಪದ ‘ವಿ’, ಅಂದರೆ ನಾವು. ‘ವಿ ಆರ್ ಗೋಯಿಂಗ್ ಟು ಸುಬ್ರಹ್ಮಣ್ಯ’ ಎಂದು ಬರೆದು ಅರ್ಥ ಕೇಳಿದೆ. ನಾಲ್ಕನೇ ಕ್ಲಾಸಿನ ಒಬ್ಬ ಹುಡುಗ ಎದ್ದು, “ಯಾವ ವಿ, ಟೀಚರ್? ನೀವೂ ಬರುತ್ತೀರಾ?” ಎಂದ. ತುಂಟತನ ಅಂದುಕೊಳ್ಳಬೇಡಿ. ತುಳುವಿನಲ್ಲಿ ‘ನಮ’ ಎಂದರೆ ಕೇಳುತ್ತಿರುವ ನೀವೂ ಸೇರಿದ ನಾವು. ‘ಎಂಕುಲು’ ಎಂದರೆ ನಿಮ್ಮನ್ನು ಬಿಟ್ಟು ನಾವು. ಮಲಯಾಳದಲ್ಲಿ, ತಮಿಳಿನಲ್ಲಿ ಹೀಗೆಯೇ ಎರಡೆರಡು ಇವೆ. ಹವಿಗನ್ನಡದಲ್ಲಿ ‘ಎಂಗೊ’ ಬೇರೆ, ‘ನಾವು’ ಬೇರೆ. ಶಾಲೆಯ ಕನ್ನಡದಲ್ಲಿ ಮಾತ್ರ ಒಂದೇ ‘ನಾವು’, ಇಂಗ್ಲಿಷಿನಲ್ಲೂ ಒಂದೇ ‘ವಿ’. ಹುಡುಗ ಕೇಳಿದ್ದು ಭಾಷಾವಿಜ್ಞಾನಿ ಕೇಳಬೇಕಾದ ಪ್ರಶ್ನೆ. ಆ ಮೇಲೆ ಆ ಕ್ಲಾಸಿನವರು ತಮ್ಮದೇ ಒಂದು ಉಪಾಯ ಮಾಡಿಕೊಂಡರು. ‘ಎಂಕುಲು’ ಎನ್ನಬೇಕಾದಲ್ಲಿ ‘ವಿ, ನಾಟ್ ಯು’ ಎನ್ನತೊಡಗಿದರು. ನಾನು ತಿದ್ದಲಿಲ್ಲ.

ಇಲ್ಲಿ ಕನ್ನಡದ ಕಾವಲುಗಾರರಿಗೆ ಒಂದು ಮಾತು ಹೇಳಬೇಕು, ನಾನೂ ಆ ಪಂಗಡದವಳೇ. ಮಾತೃಭಾಷೆ, ಮಾತೃಭಾಷೆ ಎಂದು ವೇದಿಕೆಯಲ್ಲಿ ಕೂಗುವಾಗ ಈ ಮೂರು ತಾಲೂಕುಗಳ ಮಕ್ಕಳು ನಿಮ್ಮ ಕಣ್ಣಿಗೆ ಬೀಳುವುದಿಲ್ಲ. 1994ರ ಸರ್ಕಾರಿ ಆದೇಶ ಒಂದರಿಂದ ನಾಲ್ಕನೇ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡ ಮಾಧ್ಯಮ ಎಂದಿತು. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಹಾಗೆ ಹೇರುವಂತಿಲ್ಲ, ಮಗುವಿನ ಮಾತೃಭಾಷೆ ಯಾವುದೆಂದು ತೀರ್ಮಾನಿಸುವುದು ತಂದೆತಾಯಿ ಎಂದಿತು. ‘ನೀವೂ ಬರುತ್ತೀರಾ’ ಎಂದು ಕೇಳಿದ ಹುಡುಗನನ್ನು ಎರಡೂ ಕಡೆಯವರು ಕೇಳಲಿಲ್ಲ. ಅವನಿಗೆ ಕನ್ನಡ ತಾಯಿನುಡಿಯಲ್ಲ, ಪಕ್ಕದ ಮನೆಯ ದೊಡ್ಡಮ್ಮನ ನುಡಿ. ಆದರೂ ಅವನಿಗೆ ಲೆಕ್ಕ, ವಿಜ್ಞಾನ ಕನ್ನಡದಲ್ಲೇ ಹೇಳಿಕೊಡಬೇಕು ಎಂದು ನಾನು ವಾದಿಸುತ್ತೇನೆ. ಕಾರಣ ಸರಳ. ದೊಡ್ಡಮ್ಮನ ಮನೆಗೆ ದಿನಾ ಹೋಗಿ ಬರುವ ದಾರಿ ಇದೆ. ಬಸ್ಸಿನ ಬೋರ್ಡು, ದೇವಸ್ಥಾನದ ಮೈಕು, ಟೀವಿ, ಅಂಗಡಿ, ಯಕ್ಷಗಾನ ಎಲ್ಲ ಕಡೆಯೂ ಕನ್ನಡ ಅವನ ಕಿವಿಗೆ ಬೀಳುತ್ತದೆ. ಇಂಗ್ಲಿಷಿಗೆ ಅಂಥ ದಾರಿ ಇನ್ನೂ ಕಡಿದಿಲ್ಲ.

ಯಕ್ಷಗಾನದ ಮಾತು ಬಂದದ್ದು ಒಳ್ಳೆಯದಾಯಿತು. ಪರಭಾಷೆಯನ್ನು ಹೇಗೆ ಕಲಿಸಬೇಕು ಎಂದು ನಮ್ಮ ಊರಿಗೆ ಬಹಳ ಹಿಂದೆಯೇ ಗೊತ್ತಿತ್ತು. ಮನೆಯಲ್ಲಿ ತುಳು ಮಾತ್ರ ಆಡುವ ಹುಡುಗ ಮಳೆಗಾಲದ ತಾಳಮದ್ದಲೆಗಳಲ್ಲಿ ಅಜ್ಜನ ಮಗ್ಗುಲಲ್ಲಿ ಕೂತು, ತೂಕಡಿಸಿ, ಎಚ್ಚರವಾಗಿ, ವರ್ಷಗಟ್ಟಲೆ ಕೇಳುತ್ತಾನೆ. ಅವನಿಗೆ ಯಾರೂ ಕನ್ನಡ ವ್ಯಾಕರಣ ಹೇಳಿಕೊಡುವುದಿಲ್ಲ, ಪ್ರಶ್ನೋತ್ತರ ಬರೆಸುವುದಿಲ್ಲ. ಕಥೆ ಮೊದಲೇ ಗೊತ್ತಿರುವುದರಿಂದ ಅರ್ಧ ಅರ್ಥವಾಗದಿದ್ದರೂ ನಡೆಯುತ್ತದೆ. ಒಂದು ದಿನ ಅವನೇ ಸಣ್ಣ ಅರ್ಥಕ್ಕೆ ಕೂತು ಮನೆಯಲ್ಲಿ ಎಂದೂ ಆಡದ ಕನ್ನಡದಲ್ಲಿ ವಾದ ಮಾಡುತ್ತಾನೆ, ಅದೂ ಬಾಯಿಪಾಠವಿಲ್ಲದೆ, ಎದುರಿನವನ ಮಾತಿಗೆ ಅಲ್ಲೇ ಉತ್ತರ ಹುಟ್ಟಿಸಿಕೊಂಡು. ಮೊದಲು ಕಿವಿ, ಆಮೇಲೆ ಬಾಯಿ, ಕೊನೆಗೆ ಅಕ್ಷರ. ನಮ್ಮ ಇಂಗ್ಲಿಷ್ ಪಾಠ ನಡೆಯುವುದು ಇದರ ತಿರುವುಮುರುವಾಗಿ. ಒಂದನೇ ಕ್ಲಾಸಿನ ಮೊದಲ ವಾರದಲ್ಲೇ ಅಕ್ಷರ, ಬಾಯಿ ಯಾವಾಗಲೋ, ಕಿವಿ ಎಂದೂ ಇಲ್ಲ.

ಇನ್ನು ಇಂಗ್ಲಿಷ್ ಮೀಡಿಯಂ. ಬೆಳಿಗ್ಗೆ ಏಳಕ್ಕೆ ಹಳದಿ ವ್ಯಾನುಗಳು ಘಟ್ಟದ ಬುಡದ ಮಣ್ಣುರಸ್ತೆಗಳಿಂದ ಮಕ್ಕಳನ್ನು ತುಂಬಿಕೊಂಡು ಪೇಟೆಗೆ ಇಳಿಯುತ್ತವೆ. ಹೀಗೆ ಹೋದ ಐದನೇ ಕ್ಲಾಸಿನ ಹುಡುಗಿಯೊಬ್ಬಳು ಸಂಜೆ ನಮ್ಮ ಮನೆಗೆ ಬರುತ್ತಿದ್ದಳು. ಎಲೆ ಆಹಾರ ತಯಾರಿಸುವ ಬಗೆಯನ್ನು ಇಂಗ್ಲಿಷಿನಲ್ಲಿ ಆರು ಸಾಲು ಉಸಿರು ತೆಗೆದುಕೊಳ್ಳದೆ ಒಪ್ಪಿಸುತ್ತಿದ್ದಳು. ಅಂಗಳದ ಬಸಳೆಯನ್ನು ತೋರಿಸಿ, ಇದು ಊಟ ಎಲ್ಲಿಂದ ಮಾಡುತ್ತದೆ ಎಂದು ತುಳುವಿನಲ್ಲಿ ಕೇಳಿದರೆ, “ಬುಡಕ್ಕೆ ಗೊಬ್ಬರ ಹಾಕುತ್ತೇವಲ್ಲ” ಎಂದಳು. ನನ್ನ ಕೊಡೆ ಕಳೆದುಹೋಯಿತು ಎಂದು ಇಂಗ್ಲಿಷಿನಲ್ಲಿ ಹೇಳು ಎಂದರೆ ಮೌನ. ವಿಜ್ಞಾನವೂ ಹೋಯಿತು, ಇಂಗ್ಲಿಷೂ ಬರಲಿಲ್ಲ. ಆ ಶಾಲೆಯಲ್ಲಿ ತುಳು, ಕನ್ನಡ ಮಾತಾಡಿದರೆ ಹತ್ತು ರೂಪಾಯಿ ದಂಡ. ನಾಲ್ಕು ಭಾಷೆ ತಿಳಿಯುವ ಮಗುವನ್ನು ದಂಡ ಹಾಕಿ ಮೂಕಿ ಮಾಡುವುದಕ್ಕೆ ವರ್ಷಕ್ಕೆ ಇಷ್ಟು ಸಾವಿರ ಅಂತ ಫೀಸು!

ಶಿವರಾಮ ಕಾರಂತರು ಪ್ರಪಂಚದ ತಿಳಿವಳಿಕೆಯನ್ನೆಲ್ಲ ಮಕ್ಕಳಿಗಾಗಿ ಕನ್ನಡದಲ್ಲಿ ತಂದ ‘ಬಾಲಪ್ರಪಂಚ’ದ ಮೂರು ಸಂಪುಟಗಳು ಬಂದದ್ದು 1936ರಲ್ಲಿ. ಆ ಕಾರಂತರ ಬಾಲವನ ಇರುವ ಪುತ್ತೂರಿನ ರಸ್ತೆಗಳಲ್ಲೇ ಈ ವ್ಯಾನುಗಳು ಓಡುತ್ತವೆ.

ಅಪ್ಪ ಅಮ್ಮಂದಿರನ್ನು ಬೈಯುವವರ ಸಾಲಿಗೆ ನನ್ನನ್ನು ಸೇರಿಸಬೇಡಿ. ಮಗಳು ನರ್ಸಿಂಗಿಗೆ ಮಂಗಳೂರಿಗೆ ಹೋಗಬೇಕು, ಮಗ ಗಲ್ಫಿಗೆ ಹೋದರೆ ಅಲ್ಲಿ ಬಾಯಿ ತೆರೆಯಬೇಕು ಎಂದು ಟ್ಯಾಪಿಂಗ್ ಮಾಡುವ ತಂದೆ ಯೋಚಿಸಿದರೆ ಅದರಲ್ಲಿ ತಪ್ಪೇನಿದೆ? ಅವನು ಕೇಳುತ್ತಿರುವುದು ಇಂಗ್ಲಿಷ್. ಅವನ ಕೈಗೆ ನಾವು ಕೊಡುತ್ತಿರುವುದು ಇಂಗ್ಲಿಷ್ ಮೀಡಿಯಂ. ಈ ಎರಡೂ ಒಂದೇ ಎಂದು ಅವನನ್ನು ನಂಬಿಸಿದವರು ಖಾಸಗಿಯವರು. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆದು ಆ ನಂಬಿಕೆಗೆ ಮೊಹರು ಒತ್ತಿದ್ದು ಸರ್ಕಾರ. ಸಾಹಿತಿಗಳು ವಿರೋಧಿಸಿದರು, ಸರಿ. ಆದರೆ ಕನ್ನಡ ಶಾಲೆಯೊಳಗೆ ಒಳ್ಳೆಯ ಇಂಗ್ಲಿಷ್ ಪಾಠ ಬೇಕು ಎಂದು ಅಷ್ಟೇ ಜೋರಾಗಿ ಕೇಳಿದ್ದರೆ ಆ ತಂದೆ ನಮ್ಮ ಕಡೆ ತಿರುಗಿಯಾದರೂ ನೋಡುತ್ತಿದ್ದ.

“2007ರಿಂದ ಸರ್ಕಾರಿ ಶಾಲೆಯಲ್ಲಿ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಇದೆಯಲ್ಲ, ಬಂತಾ?” ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಬರಲಿಲ್ಲ, ಏಕೆಂದರೆ ಟೈಮ್ ಟೇಬಲಿನಲ್ಲಿ ಇತ್ತೇ ಹೊರತು ಕ್ಲಾಸಿನಲ್ಲಿ ಇರಲಿಲ್ಲ. ಎರಡು ಮೂರು ತರಗತಿಗಳನ್ನು ಒಟ್ಟಿಗೆ ಕೂರಿಸಿಕೊಂಡು ಎಲ್ಲ ವಿಷಯ ನೋಡಿಕೊಳ್ಳುವ, ತಾನೇ ಇಂಗ್ಲಿಷಿನಲ್ಲಿ ಧೈರ್ಯವಾಗಿ ಮಾತಾಡದ ಟೀಚರ ತಲೆಗೆ ಅದನ್ನೂ ಕಟ್ಟಿದೆವು. ಕೆಲವು ಊರುಗಳಲ್ಲಿ ಹಳೆವಿದ್ಯಾರ್ಥಿಗಳು ಚಂದಾ ಎತ್ತಿ ಒಬ್ಬ ಗೌರವ ಶಿಕ್ಷಕಿಯನ್ನು ನೇಮಿಸಿಕೊಳ್ಳುತ್ತಾರೆ. ಆ ಹುಡುಗಿಗೆ ಸಿಗುವ ಸಂಬಳಕ್ಕೆ ತಿಂಗಳ ಬಸ್ ಖರ್ಚು ಕಳೆದರೆ ಹೆಚ್ಚೇನೂ ಉಳಿಯುವುದಿಲ್ಲ. ಇನ್ನು ಪರೀಕ್ಷೆ. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿಗೆ ನೂರು ಅಂಕ, ಅದರಲ್ಲಿ ಎಂಬತ್ತು ಬರೆಯುವುದಕ್ಕೆ. ಆ ಎಂಬತ್ತನ್ನು ಪೂರ್ತಿ ಪಡೆಯಲು ಒಂದು ವಾಕ್ಯವನ್ನೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಪರೀಕ್ಷೆ ಕೇಳದ್ದನ್ನು ಯಾವ ಶಾಲೆ ಕಲಿಸುತ್ತದೆ?

ನಾನು ಕೇಳುವುದು ದುಬಾರಿಯದ್ದೇನೂ ಅಲ್ಲ. ಐದಾರು ಶಾಲೆಗಳಿಗೆ ಒಬ್ಬರಂತೆ, ಇಂಗ್ಲಿಷ್ ಮಾತ್ರ ಕಲಿಸುವ, ಚೆನ್ನಾಗಿ ಮಾತಾಡುವ ಟೀಚರನ್ನು ಕೊಡಿ. ಆಕೆಗೆ ತುಳುವೂ ಬರಲಿ. ಮೊದಲ ಎರಡು ವರ್ಷ ಪುಸ್ತಕ ಬೇಡ, ಕಥೆ ಹೇಳಲಿ, ಮಕ್ಕಳಿಗೆ ಮೊದಲೇ ಗೊತ್ತಿರುವ ಕಥೆಗಳನ್ನೇ ಹೇಳಲಿ. ಹತ್ತನೇ ಕ್ಲಾಸಿನಲ್ಲಿ ಇಪ್ಪತ್ತು ಅಂಕವಾದರೂ ಎದುರಿಗೆ ಕೂತು ಮಾತಾಡಿದ್ದಕ್ಕೆ ಇರಲಿ. ಶಿಕ್ಷಕರಿಗೆ ಇಂಗ್ಲಿಷ್ ತರಬೇತಿ ಕೊಡಲೆಂದೇ ಬೆಂಗಳೂರಿನಲ್ಲಿ 1963ರಿಂದ ಒಂದು ಪ್ರಾದೇಶಿಕ ಸಂಸ್ಥೆ ಇದೆ. ಅಂಥದ್ದರ ಒಂದು ಕೈ ಮಂಗಳೂರಿನವರೆಗೆ ಚಾಚಿದರೆ ಏನು ಕಷ್ಟ?

ಬರುವ ಜೂನಿಗೆ ನಮ್ಮ ಶಾಲೆಯಲ್ಲೂ ಒಂದನೇ ಕ್ಲಾಸನ್ನು ಇಂಗ್ಲಿಷ್ ಮಾಧ್ಯಮ ಮಾಡಬೇಕೆಂದು ಸಮಿತಿಯವರು ಮೀಟಿಂಗ್ ಕರೆದಿದ್ದಾರೆ. ಇಲ್ಲದಿದ್ದರೆ ಮಕ್ಕಳ ಸಂಖ್ಯೆ ಹತ್ತಕ್ಕೆ ಇಳಿಯುತ್ತದಂತೆ, ಶಾಲೆ ಮುಚ್ಚುತ್ತದಂತೆ. ಅವರ ಹೆದರಿಕೆ ಸುಳ್ಳಲ್ಲ. ಮೀಟಿಂಗಿನಲ್ಲಿ ನಾನು ಇಲ್ಲಿ ಬರೆದದ್ದನ್ನೆಲ್ಲ ತುಳುವಿನಲ್ಲಿ ಹೇಳುವವಳಿದ್ದೇನೆ. ಕೇಳಿ, ತಲೆಯಾಡಿಸಿ, ಚಹಾ ಕುಡಿದು ಅವರು ಠರಾವು ಪಾಸು ಮಾಡಬಹುದು. ಸೋಮವಾರ ಮೊದಲನೆಯ ಪೀರಿಯಡ್ಡಿಗೆ ನಾಲ್ಕನೇ ಕ್ಲಾಸಿನವರಿಗೆ ಮಂಗನೂ ಮೊಸಳೆಯೂ ಕಥೆಯನ್ನು ಇಂಗ್ಲಿಷಿನಲ್ಲಿ ಹೇಳಬೇಕು. ಮೊಸಳೆಯ ಪಾತ್ರಕ್ಕೆ ಆಗಲೇ ಮೂವರು ಜಗಳವಾಡುತ್ತಿದ್ದಾರೆ.