ಕಾಂಕೆಯ ಎರಡು ಆವರಣಗಳು

ಒಬ್ಬನನ್ನು ಹೀಗಳೆಯಲು ಹಿಂದಿ ನಾಡಿನವರು ರಾಂಚಿಯ ಹೆಸರೆತ್ತುತ್ತಾರೆ. ಕೇರಳದಲ್ಲಿ ಅದೇ ಹಾಸ್ಯಕ್ಕೆ ಕೋಯಿಕ್ಕೋಡಿನ ಕುತಿರವಟ್ಟಂ ಸಾಕು. ಶಾಲೆಯಂಗಳದ ಮಕ್ಕಳ ಬಾಯಲ್ಲೂ ಈ ಮಾತು ಸಲೀಸಾಗಿ ಹೊರಳುತ್ತದೆ.

ರಾಂಚಿ ಸಮೀಪದ ಕಾಂಕೆಯಲ್ಲಿ 1918ರಲ್ಲಿ ಬ್ರಿಟಿಷರು ಯುರೋಪಿಯನ್ನರಿಗೂ ಆಂಗ್ಲೋ-ಇಂಡಿಯನ್ನರಿಗೂ ಮೀಸಲಾದ ಮಾನಸಿಕ ಆಸ್ಪತ್ರೆಯೊಂದನ್ನು ತೆರೆದರು. 1925ರಲ್ಲಿ ಪಾಟ್ನಾದಿಂದ ಭಾರತೀಯ ರೋಗಿಗಳನ್ನು ತಂದು ಅಲ್ಲಿಯೇ ಬೇರೊಂದು ಆಸ್ಪತ್ರೆಯಲ್ಲಿರಿಸಲಾಯಿತು. ರೋಗ ಒಂದೇ, ಆವರಣ ಎರಡು. ಮೊದಲನೆಯದು ಮುಂದೆ ಕೇಂದ್ರ ಸರಕಾರದ ಸಂಸ್ಥೆಯಾಯಿತು. ಎರಡನೆಯದು ಬಿಹಾರ ಸರಕಾರದ ‘ಮಾನಸಿಕ ಆರೋಗ್ಯಶಾಲೆ’ಯಾಗಿ ಉಳಿಯಿತು.

ಈ ಎರಡನೆಯದರ ದುಸ್ಥಿತಿಯನ್ನು ತಿಳಿಸಿದ ಪತ್ರವೊಂದನ್ನು ಸರ್ವೋಚ್ಚ ನ್ಯಾಯಾಲಯವು ರಿಟ್ ಅರ್ಜಿಯೆಂದೇ ಪರಿಗಣಿಸಿತು. ಅದೇ ರಾಕೇಶ್ ಚಂದ್ರ ನಾರಾಯಣ್ ಮತ್ತು ಬಿಹಾರ ರಾಜ್ಯದ ನಡುವಣ ಪ್ರಕರಣ. 1986ರ ಆದೇಶವನ್ನು ಓದುವಾಗ ಕಾನೂನಿನ ಗಹನ ತತ್ತ್ವಗಳೇನೂ ಎದುರಾಗುವುದಿಲ್ಲ. ಕುಡಿಯಲು ಶುದ್ಧ ನೀರು ಕೊಡಿರಿ. ಹಾಸಿಗೆ, ದಿಂಬು, ಕಂಬಳಿ ಒದಗಿಸಿರಿ. ಊಟದ ವೆಚ್ಚವನ್ನು ಹೆಚ್ಚಿಸಿರಿ. ಔಷಧದ ಖರ್ಚಿಗೆ ಹಾಕಿದ ಮಿತಿಯನ್ನು ತೆಗೆಯಿರಿ. ದೇಶದ ಅತ್ಯುನ್ನತ ನ್ಯಾಯಪೀಠವು ಕಂಬಳಿಯ ಲೆಕ್ಕ ಕೇಳಬೇಕಾಗಿ ಬಂದುದು ರಾಜ್ಯವೊಂದಕ್ಕೆ ಶೋಭೆಯಲ್ಲ. ಅಷ್ಟಾದರೂ ಸುಧಾರಣೆ ತೆವಳಿತು. 1988ರಲ್ಲಿ ನ್ಯಾಯಾಲಯವೇ ಆಡಳಿತ ಸಮಿತಿಯನ್ನು ನೇಮಿಸಿತು. 1994ರ ಆದೇಶವು ಸ್ವಾಯತ್ತತೆಗೆ ದಾರಿ ಮಾಡಿತು. 1997ರಲ್ಲಿ ರಾಂಚಿ, ಆಗ್ರಾ, ಗ್ವಾಲಿಯರ್ ಆಸ್ಪತ್ರೆಗಳ ಮೇಲ್ವಿಚಾರಣೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ಬಂತು. ಆಯೋಗಕ್ಕಾಗಿ ಬೆಂಗಳೂರಿನ ನಿಮ್ಹಾನ್ಸ್ ತಜ್ಞರು ದೇಶದ ಮಾನಸಿಕ ಆಸ್ಪತ್ರೆಗಳನ್ನು ಪರಿಶೀಲಿಸಿ ಸಿದ್ಧಪಡಿಸಿದ 1999ರ ವರದಿಯೂ, ಹಲವೆಡೆ ಚಿಕಿತ್ಸೆಗಿಂತ ಕಾವಲೇ ಮುಂದಿದೆಯೆಂದು ಕಂಡಿತು.

ಗೋಡೆಗೆ ಸುಣ್ಣ ಬಳಿಯುವುದು ಸುಲಭ. ಗುಣಮುಖನಾದವನನ್ನು ಕರೆದೊಯ್ಯಲು ಮನೆಯವರೇ ಬಾರದಿದ್ದರೆ ಯಾವ ಆದೇಶ ಏನು ಮಾಡೀತು? ವಿಳಾಸ ತಪ್ಪಾಗಿ ಬರೆಸಿ ಹೋಗುವ ಬಂಧುಗಳೂ ಇದ್ದಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 19ನೆಯ ಕಲಮು, ಕುಟುಂಬ ಸ್ವೀಕರಿಸಲಿಲ್ಲವೆಂಬ ಕಾರಣಕ್ಕೇ ಯಾರನ್ನೂ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳಬಾರದೆನ್ನುತ್ತದೆ. 95ನೆಯ ಕಲಮು ಸರಪಳಿ ಬಿಗಿಯುವುದನ್ನು ನಿಷೇಧಿಸುತ್ತದೆ. ಅರಿವಳಿಕೆ ನೀಡದೆ ವಿದ್ಯುತ್ ಚಿಕಿತ್ಸೆಯನ್ನೂ ಮಾಡುವಂತಿಲ್ಲ. ಉಚಿತ ಕಾನೂನು ನೆರವು 27ನೆಯ ಕಲಮಿನಲ್ಲಿದೆ.

ಗಡಿನಾಡಿನ ಮನೆಗಳು ವಿಶೇಷವಾಗಿ ಗಮನಿಸಬೇಕಾದುದು 22ನೆಯ ಕಲಮು. ರೋಗಿಗೆ ಕೊಡುವ ಮಾಹಿತಿ ಅವನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಮಲಯಾಳ ಓದಲಾರದ ಅಜ್ಜಿಯನ್ನು ದಾಖಲಿಸುವ ದಿನ, ಮುಂದೆ ಚಾಚಿದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸುವ ಮೊದಲು ಅದರಲ್ಲಿರುವುದನ್ನು ಕನ್ನಡದಲ್ಲಿ ತಿಳಿಸಿರೆಂದು ಕೇಳುವ ಹಕ್ಕು ಅವಳಿಗೂ ಜೊತೆಗಿರುವ ಮೊಮ್ಮಗನಿಗೂ ಇದೆ.